ಸರಪಣಿಯ ಸಡಿಲು

ಬೈಸಿಕಲ್ಲಿನ ಚೈನು ಸಡಿಲಾದರೆ ಏನು ಮಾಡಬೇಕೆಂಬುದು ಶಾಲೆಗೆ ಹೋಗುವ ಹುಡುಗನಿಗೂ ಗೊತ್ತು. ಹಿಂದಿನ ಚಕ್ರದ ನಟ್ಟುಗಳನ್ನು ಸಡಿಲಿಸಿ, ಚಕ್ರವನ್ನು ತುಸು ಹಿಂದಕ್ಕೆಳೆದು ಮತ್ತೆ ಬಿಗಿದರೆ ಕೆಲಸ ಮುಗಿಯಿತು. ಅಂಥದೇ ಒಂದು ಚೈನು ಮೋಟಾರು ಕಾರಿನ ಎಂಜಿನ್ನಿನೊಳಗೂ ಇದೆ. ಅದೂ ಸವೆಯುತ್ತದೆ, ಅದೂ ಸಡಿಲಾಗುತ್ತದೆ. ಆದರೆ ಅಲ್ಲಿ ಹಿಂದಕ್ಕೆಳೆಯಲು ಯಾವ ಚಕ್ರವೂ ಇಲ್ಲ. ಎರಡು ಷಾಫ್ಟುಗಳೂ ಎರಕದ ಕಬ್ಬಿಣದಲ್ಲಿ ಕೊರೆದ ತಮ್ಮ ಸ್ಥಾನಗಳಲ್ಲಿ ಕದಲದಂತೆ ಕುಳಿತಿವೆ. ಈ ತೊಡಕನ್ನು ಎಂಜಿನಿಯರುಗಳು ಹೇಗೆ ಬಿಡಿಸಿದರೆಂಬುದು ಯಂತ್ರಗಳ ಚರಿತ್ರೆಯಲ್ಲಿ ಒಂದು ಸಣ್ಣ ಅಧ್ಯಾಯ, ಸಣ್ಣದಾದರೂ ತಿಳಿಯತಕ್ಕದ್ದು.

1876ರಲ್ಲಿ ಜರ್ಮನಿಯ ನಿಕೊಲಾಸ್ ಆಟೊ ರೂಪಿಸಿದ ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಕ್ರ್ಯಾಂಕ್ ಷಾಫ್ಟು ಎರಡು ಸುತ್ತು ತಿರುಗುವಷ್ಟರಲ್ಲಿ ಪ್ರತಿಯೊಂದು ವಾಲ್ವೂ ಒಮ್ಮೆ ತೆರೆದು ಮುಚ್ಚಬೇಕು. ಆದ್ದರಿಂದ ವಾಲ್ವುಗಳನ್ನು ಎತ್ತುವ ಕ್ಯಾಮ್ ಷಾಫ್ಟು ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗಬೇಕು. ಈ ಲೆಕ್ಕ ತಪ್ಪದಂತೆ ಎರಡನ್ನೂ ಜೋಡಿಸುವುದೇ ಟೈಮಿಂಗ್ ಚೈನಿನ ಕೆಲಸ. ಚೈನು ಜೋತರೆ ವಾಲ್ವುಗಳು ತಡವಾಗಿ ತೆರೆಯುತ್ತವೆ, ಎಂಜಿನ್ನಿನ ಕಸುವು ಕುಂದುತ್ತದೆ. ಇನ್ನೂ ಜೋತು ಒಂದೆರಡು ಹಲ್ಲು ಹಾರಿಬಿಟ್ಟರಂತೂ ಅನೇಕ ಎಂಜಿನ್ನುಗಳಲ್ಲಿ, ಮೇಲೇರುವ ಪಿಸ್ಟನ್ನು ಇನ್ನೂ ತೆರೆದೇ ಇರುವ ವಾಲ್ವಿಗೆ ಬಡಿಯುತ್ತದೆ. ಆಮೇಲೆ ಉಳಿಯುವುದು ರಿಪೇರಿಯ ದೊಡ್ಡ ಬಿಲ್ಲು.

ಚೈನಿನ ಕಲ್ಪನೆ ಹಳೆಯದು. ಲಿಯೊನಾರ್ಡೊ ಡ ವಿಂಚಿಯ ಟಿಪ್ಪಣಿಗಳಲ್ಲೇ ಅದರ ಚಿತ್ರಗಳಿವೆ. ಆದರೆ ವೇಗವಾಗಿ ಓಡಿಯೂ ಬಾಳಿಕೆ ಬರುವ ಚೈನನ್ನು ಕೊಟ್ಟವನು ಹ್ಯಾನ್ಸ್ ರೆನಾಲ್ಡ್. ಸ್ವಿಟ್ಜರ್‌ಲೆಂಡಿನ ಆರೌ ಊರಿನಲ್ಲಿ 1852ರಲ್ಲಿ ಹುಟ್ಟಿದ ಈತ ಇಂಗ್ಲೆಂಡಿನ ಮ್ಯಾಂಚೆಸ್ಟರಿಗೆ ಬಂದು ನೆಲೆಸಿ, 1879ರಲ್ಲಿ ಜೇಮ್ಸ್ ಸ್ಲೇಟರ್ ಎಂಬಾತನ ಪುಟ್ಟ ಚೈನು ಕಾರ್ಖಾನೆಯನ್ನು ಕೊಂಡುಕೊಂಡ. ಆಗ ಅಲ್ಲಿ ತಯಾರಾಗುತ್ತಿದ್ದುದು ಬಟ್ಟೆ ಗಿರಣಿಗಳಿಗೆ ಬೇಕಾದ ಚೈನುಗಳು. ಅವುಗಳಲ್ಲಿ ಪಿನ್ನಿನ ಭಾರವೆಲ್ಲ ಕೊಂಡಿಯ ತೆಳು ತಗಡಿನ ಅಂಚಿನ ಮೇಲೆ ಬೀಳುತ್ತಿತ್ತು. ಅಂಚು ಬೇಗ ಸವೆಯುತ್ತಿತ್ತು. ಮರುವರ್ಷ, ಅಂದರೆ 1880ರಲ್ಲಿ, ರೆನಾಲ್ಡ್ ಪಿನ್ನಿನ ಸುತ್ತ ಒಂದು ಬುಷ್ಷನ್ನು ತೊಡಿಸಿ, ಅದರ ಮೇಲೆ ಉರುಳುವ ರೋಲರನ್ನಿಟ್ಟ. ಭಾರ ಪಿನ್ನಿನ ಉದ್ದಕ್ಕೂ ಹಂಚಿಹೋಯಿತು. ಇಂದಿಗೂ ಬೈಸಿಕಲ್ಲು, ಮೋಟಾರ್ ಸೈಕಲ್ಲುಗಳಲ್ಲಿ ನಾವು ಕಾಣುವುದು ಈ ಚೈನಿನ ಸಂತತಿಯನ್ನೇ.

ಆದರೂ ರೆನಾಲ್ಡನ ಜಾಣ್ಮೆ ಸವೆತವನ್ನು ನಿಧಾನಗೊಳಿಸಿತೇ ಹೊರತು ನಿಲ್ಲಿಸಲಿಲ್ಲ. ಚೈನು ‘ಎಳೆದುಕೊಂಡಿದೆ’ ಎಂದು ನಾವು ರೂಢಿಯಲ್ಲಿ ಹೇಳುತ್ತೇವೆ. ವಾಸ್ತವವಾಗಿ ಉಕ್ಕಿನ ಕೊಂಡಿ ರಬ್ಬರಿನಂತೆ ಹಿಗ್ಗುವುದಿಲ್ಲ. ಸವೆಯುವುದು ಪಿನ್ನು, ಬುಷ್ಷು. ಒಂದು ಕೀಲಿನ ಸವೆತ ಕಣ್ಣಿಗೆ ಕಾಣದು. ಆದರೆ ಕೀಲುಗಳು ಹಲವು. ಎಂ.ಜಿ.ಬಿ. ಕಾರಿನ ಟೈಮಿಂಗ್ ಚೈನಿನಲ್ಲಿ 52 ಕೊಂಡಿಗಳು. ಒಂದೊಂದು ಕೀಲು ಮಿಲಿಮೀಟರಿನ ಇಪ್ಪತ್ತನೆಯ ಒಂದು ಪಾಲು ಸವೆಯಿತೆಂದು ಇಟ್ಟುಕೊಂಡರೂ ಇಡೀ ಚೈನು 2.6 ಮಿಲಿಮೀಟರು ಉದ್ದವಾಯಿತು. ಹನಿಗೂಡಿದರೆ ಹಳ್ಳವೆಂಬ ಗಾದೆ ಇಲ್ಲಿ ಉಳಿತಾಯಕ್ಕಲ್ಲ, ನಷ್ಟಕ್ಕೆ ಅನ್ವಯಿಸುತ್ತದೆ.

ಈ ನಷ್ಟವನ್ನು ತುಂಬಿಕೊಡಲು ಒಬ್ಬೊಬ್ಬ ತಯಾರಕ ಒಂದೊಂದು ದಾರಿ ಹಿಡಿದ. 1951ರಲ್ಲಿ ಆಸ್ಟಿನ್ ಎ-30 ಕಾರಿನೊಡನೆ ಬಂದು, ಮುಂದೆ ಮಾರಿಸ್ ಮೈನರಿಗೂ ಸೇರಿದ ‘ಎ’ ಶ್ರೇಣಿಯ ಎಂಜಿನ್ನಿನಲ್ಲಿ ಕ್ಯಾಮಿನ ಹಲ್ಲುಚಕ್ರದ ಎರಡು ಪಕ್ಕಕ್ಕೂ ರಬ್ಬರಿನ ಬಳೆಗಳನ್ನು ತೊಡಿಸಿ, ಚೈನು ಅವುಗಳ ಮೇಲೆ ಒರಗುವಂತೆ ಮಾಡಿದರು. ಉಪಾಯ ಅಗ್ಗವಾದದ್ದೇ, ಆದರೆ ಬಿಸಿ ಎಣ್ಣೆಯಲ್ಲಿ ರಬ್ಬರು ಎಷ್ಟು ದಿನ ತಾಳೀತು? ಟ್ರಯಂಫ್ ಹೆರಾಲ್ಡ್ ಕಾರಿನವರು ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಯೊಂದನ್ನು ಚೈನಿಗೆ ಒತ್ತಿ ನಿಲ್ಲಿಸಿದರು. 1961ರಿಂದ ಮದರಾಸಿನಲ್ಲಿ ತಯಾರಾಗಿ ನಮ್ಮ ಊರುಗಳಲ್ಲೂ ಓಡಾಡಿದ ಸ್ಟ್ಯಾಂಡರ್ಡ್ ಹೆರಾಲ್ಡ್ ಇದೇ ಮನೆತನದ್ದು. ಕಾಲಕ್ರಮದಲ್ಲಿ ಚೈನು ಆ ಪಟ್ಟಿಯ ಮೇಲೆ ತನ್ನ ದಾರಿಯನ್ನು ತಾನೇ ಕೊರೆಯುತ್ತಿತ್ತು. 1948ರ ಜಾಗ್ವಾರ್ ಎಕ್ಸ್‌ಕೆ ಎಂಜಿನ್ನಿನಲ್ಲಿ ಮೇಲಿನ ಚೈನನ್ನು ಬಿಗಿಮಾಡುವ ಚಕ್ರವನ್ನು ಮೆಕ್ಯಾನಿಕ್ಕೇ ಕೈಯಿಂದ ಹೊಂದಿಸಬೇಕಾಗಿತ್ತು.

ರೆನಾಲ್ಡನ ಹೆಸರಿನ ಕಂಪನಿಯೇ ಕೊಟ್ಟ ಪರಿಹಾರ ಇವೆಲ್ಲಕ್ಕಿಂತ ಚತುರವಾದದ್ದು. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ‘ಬಿ’ ಶ್ರೇಣಿಯ ಎಂಜಿನ್ನುಗಳಲ್ಲಿ, 1962ರಲ್ಲಿ ಬಂದ ಎಂ.ಜಿ.ಬಿ.ಯಲ್ಲೂ, ಇದನ್ನು ಕಾಣಬಹುದು. ನಮ್ಮ ಅಂಬಾಸಡರಿನ ಹಳೆಯ 1489 ಸಿ.ಸಿ. ಎಂಜಿನ್ನು ಇದೇ ಶ್ರೇಣಿಯದು. ಹೆಬ್ಬೆರಳ ಗಾತ್ರದ ಒಂದು ತಲೆ, ಅದರ ಮುಖಕ್ಕೆ ರಬ್ಬರಿನ ಮೆತ್ತೆ, ಹಿಂದೆ ಒಂದು ಸ್ಪ್ರಿಂಗು. ಸ್ಪ್ರಿಂಗಿನ ಒತ್ತಡಕ್ಕೆ ಎಂಜಿನ್ ಎಣ್ಣೆಯ ಒತ್ತಡವೂ ನೆರವಾಗುತ್ತದೆ. ಆ ಎಣ್ಣೆಯೇ ತಲೆಯ ರಂಧ್ರದಿಂದ ಹೊರಬಂದು ಚೈನನ್ನು ನೆನೆಸುತ್ತದೆ. ಒಳಗಿನ ಕೊಳವೆಯಲ್ಲಿ ತಿರುಪಿನಂತೆ ಸುತ್ತಿದ ಒಂದು ಸೀಳು, ಆ ಸೀಳಿಗೆ ಮೆಟ್ಟಿಲುಗಳು. ಚೈನು ಸವೆದಂತೆಲ್ಲ ತಲೆ ಒಂದೊಂದು ಮೆಟ್ಟಿಲು ಮುಂದೆ ಬರುತ್ತದೆ; ಬಂದಮೇಲೆ ಹಿಂದಿರುಗದು. ಸವೆತ ಹಿಂದಿರುಗುವುದಿಲ್ಲವೆಂಬ ಸತ್ಯವನ್ನು ಒಪ್ಪಿಕೊಂಡು ಮಾಡಿದ ಯಂತ್ರವಿದು.

ಇದನ್ನು ಕೂಡಿಸುವ ಕೆಲಸದಲ್ಲಿ ಬಲಕ್ಕಿಂತ ತಾಳ್ಮೆ ಮುಖ್ಯ. ರೇಡಿಯೇಟರು, ಕ್ರ್ಯಾಂಕಿನ ಪುಲ್ಲಿ, ಮುಂದಿನ ಮುಚ್ಚಳ ಇವನ್ನು ತೆಗೆದಮೇಲೆ ಎರಡು ಹಲ್ಲುಚಕ್ರಗಳ ಮೇಲಿನ ಚುಕ್ಕಿಗಳು ಎದುರುಬದುರಾಗುವಂತೆ ಎಂಜಿನ್ನನ್ನು ತಿರುಗಿಸಿಕೊಳ್ಳಬೇಕು. ಟೆನ್ಷನರಿನ ಬಿರಡೆ ಬಿಚ್ಚಿ, ಅಂಗುಲದ ಎಂಟನೆಯ ಒಂದು ಪಾಲಿನ ಅಲೆನ್ ಕೀಲಿಯನ್ನು ಒಳಕ್ಕೆ ತೂರಿಸಿ, ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗಿಸಿದರೆ ತಲೆ ಒಳಸರಿದು ನಿಲ್ಲುತ್ತದೆ. ಕಳಚಿದಮೇಲೆ ಎಣ್ಣೆಯ ರಂಧ್ರಗಳನ್ನು ಶುಚಿಮಾಡಬೇಕು. ಕೊಳವೆಯ ಬಾಯಿ ಅಂಗುಲದ ಸಾವಿರದಲ್ಲಿ ಮೂರು ಪಾಲಿಗಿಂತ ಹೆಚ್ಚು ಅಂಡಾಕಾರವಾಗಿದ್ದರೆ ಇಡೀ ಭಾಗವನ್ನೇ ಬದಲಾಯಿಸಬೇಕು. ಚೈನು, ಚಕ್ರಗಳನ್ನು ಒಟ್ಟಿಗೇ ಏರಿಸಿ, ಚುಕ್ಕಿಗಳನ್ನು ಮತ್ತೊಮ್ಮೆ ನೋಡಿ, ಟೆನ್ಷನರನ್ನು ಬೋಲ್ಟಿನಿಂದ ಬಿಗಿದು, ಬೋಲ್ಟು ತಿರುಗದಂತೆ ತಗಡಿನ ಕಿವಿಗಳನ್ನು ಮಡಿಸಬೇಕು. ಕೊನೆಗೆ ಕೀಲಿಯನ್ನು ಮತ್ತೆ ಅದೇ ದಿಕ್ಕಿನಲ್ಲಿ ತಿರುಗಿಸಿದರೆ ತಲೆ ಬಿಡುಗಡೆಯಾಗಿ ತಾನಾಗಿ ಚೈನನ್ನು ಮುಟ್ಟುತ್ತದೆ. ಎಡಕ್ಕೆ ತಿರುಗಿಸಬಾರದು, ತಲೆಯನ್ನು ಕೈಯಿಂದ ಚೈನಿಗೆ ಒತ್ತಲೂಬಾರದು. ಸ್ಪ್ರಿಂಗಿಗೆ ತನ್ನ ಕೆಲಸ ಗೊತ್ತಿದೆ.

ಇಷ್ಟಾದರೂ ಒಂದು ಮಾತು ಉಳಿಯುತ್ತದೆ. ಟೆನ್ಷನರ್ ಇಲ್ಲದ ಚೈನು ಸವೆದಾಗ ಗಲಗಲನೆ ಸದ್ದುಮಾಡಿ ಯಜಮಾನನನ್ನು ಎಚ್ಚರಿಸುತ್ತದೆ. ಟೆನ್ಷನರು ಆ ಸದ್ದನ್ನು ಅಡಗಿಸುತ್ತದೆ. ಅದು ಸಡಿಲನ್ನು ಹೀರಿಕೊಳ್ಳುವುದೇ ಹೊರತು ಸವೆತವನ್ನು ಗುಣಪಡಿಸುವುದಿಲ್ಲ. ಉದ್ದವಾದ ಚೈನು ಉದ್ದವಾಗಿಯೇ ಇರುತ್ತದೆ, ಹಲ್ಲುಗಳು ಮೊನಚಾಗುತ್ತಲೇ ಇರುತ್ತವೆ. ಕೊನೆಯ ಮೆಟ್ಟಿಲನ್ನು ಮುಟ್ಟಿದ ತಲೆ ಮುಂದಕ್ಕೆ ಬರಲಾರದು. ಆದಕಾರಣ ಹಳೆಯ ಚೈನಿಗೆ ಹೊಸ ಟೆನ್ಷನರನ್ನಷ್ಟೇ ಹಾಕಿ ಸದ್ದು ನಿಂತಿತೆಂದು ಸಂತೋಷಪಡುವುದು, ಜ್ವರವಳೆಯುವ ಕಡ್ಡಿಯನ್ನು ಬಚ್ಚಿಟ್ಟು ಜ್ವರ ಇಳಿಯಿತೆಂದಂತೆ.

1962ರಲ್ಲಿ ಜರ್ಮನಿಯ ಗ್ಲಾಸ್ 1004 ಕಾರು ಚೈನಿನ ಬದಲು ಹಲ್ಲಿರುವ ರಬ್ಬರು ಬೆಲ್ಟನ್ನು ತಂದಿತು. ಬೆಲ್ಟು ಸದ್ದಿಲ್ಲದ್ದು, ಅಗ್ಗವಾದದ್ದು. ಆದರೆ ಅದಕ್ಕೂ ಬಿಗಿಹಿಡಿಯುವ ಚಕ್ರವೊಂದು ಬೇಕಾಯಿತು, ಗೊತ್ತಾದ ಅವಧಿಯಲ್ಲಿ ಬದಲಾಯಿಸುವ ನಿಯಮವೂ ಬೇಕಾಯಿತು. ಮುಂದೆ ಅನೇಕ ತಯಾರಕರು ಎಣ್ಣೆಯ ಒತ್ತಡದ ಟೆನ್ಷನರಿನೊಡನೆ ಚೈನಿಗೇ ಮರಳಿದರು. ರೆನಾಲ್ಡನ ಕಾಲದಿಂದ ಲೋಹ ಸುಧಾರಿಸಿದೆ, ಎಣ್ಣೆ ಸುಧಾರಿಸಿದೆ. ಸವೆಯದ ಕೀಲನ್ನು ಮಾತ್ರ ಯಾರೂ ಮಾಡಿಲ್ಲ. ಮುಚ್ಚಳದ ಹಿಂದೆ ಕುಳಿತ ಆ ಪುಟ್ಟ ತಲೆ ನಮಗೆ ಕೊಡುವುದು ಸ್ವಲ್ಪ ಕಾಲಾವಕಾಶವನ್ನು. ಅದು ತೀರುವ ಮುನ್ನ ಒಮ್ಮೆ ಮುಚ್ಚಳ ತೆಗೆದು ನೋಡುವುದು ಕಾರಿನ ಯಜಮಾನನಿಗೆ ಬಿಟ್ಟ ಕೆಲಸ.