ವಾದ್ಯಗಳ ಜಾತಕ

ಪುಣೆಯ ಶುಕ್ರವಾರ ಪೇಟೆಯಲ್ಲಿ, ಅಕಾಲದಲ್ಲಿ ತೀರಿಕೊಂಡ ಮಗ ರಾಜಾನ ಸ್ಮರಣೆಗಾಗಿ ದಿನಕರ ಕೇಳ್ಕರರು ಕೂಡಿಟ್ಟು, 1975ರಲ್ಲಿ ಸರ್ಕಾರಕ್ಕೆ ಒಪ್ಪಿಸಿದ ಸಂಗ್ರಹದ ವಾದ್ಯಗಳೆದುರು ನಿಂತವನಿಗೆ, ಇವುಗಳ ವಯಸ್ಸೆಷ್ಟೆಂಬ ಕುತೂಹಲ ಹುಟ್ಟುವುದು ಸಹಜವೇ. ಗದಗಿನ ಭೀಮಸೇನ ಜೋಶಿಯವರು ಗುರು ಸವಾಯಿ ಗಂಧರ್ವರ ಹೆಸರಿನಲ್ಲಿ 1953ರಲ್ಲಿ ಉತ್ಸವವನ್ನಾರಂಭಿಸಿದ ಈ ಊರಿನಲ್ಲಿ ತಂಬೂರಿಗೇ ಅಗ್ರಪೂಜೆ. ಆದರೆ ಮಿರಜಿನ ಹಳೆಯ ತಂಬೂರಿಯ ಕಾಲವನ್ನು ಸೋರೆಬುರುಡೆಯ ಬಣ್ಣದಿಂದಲೂ ಕುಸುರಿಯ ಕೈವಾಡದಿಂದಲೂ ಊಹಿಸಬೇಕಲ್ಲದೆ ಅನ್ಯ ಮಾರ್ಗವಿಲ್ಲ.

ವಿದ್ಯುತ್ ಗಿಟಾರಾದರೋ ತನ್ನ ಜಾತಕವನ್ನು ಮೈಮೇಲೆಯೇ ಹೊತ್ತಿರುತ್ತದೆ. ಗಿಬ್ಸನ್ ಕಂಪನಿಯವರು 1977ರಿಂದ ಬಳಸಿದ ಎಂಟಂಕಿಯ ಕ್ರಮಸಂಖ್ಯೆಯಲ್ಲಿ ಮೊದಲನೆಯ ಮತ್ತು ಐದನೆಯ ಅಂಕಿ ವರ್ಷವನ್ನೂ, ನಡುವಿನ ಮೂರು ಅಂಕಿಗಳು ವರ್ಷದ ದಿನವನ್ನೂ ಸೂಚಿಸುತ್ತವೆ. ತಲೆಯ ಹಿಂಬದಿಯಲ್ಲಿ 82765501 ಎಂದಿದ್ದರೆ, ಅದು 1985ರ 276ನೆಯ ದಿನ, ಎಂದರೆ ಅಕ್ಟೋಬರ್ 3ರಂದು ಮುದ್ರೆಯೊತ್ತಿಸಿಕೊಂಡ ವಾದ್ಯ. ಪಂಚಾಂಗವೂ ಇಷ್ಟು ನಿಖರವಲ್ಲವೆನ್ನಬೇಕು!

ಇನ್ನೊಂದು ಗಿಟಾರು ಕಂಪನಿಯಾದ ಫೆಂಡರ್‌ನವರ ಕಥೆ ಬೇರೆ. 1976ರವರೆಗೆ ಸಾಮಾನ್ಯವಾಗಿ ಕುತ್ತಿಗೆಯನ್ನು ಒಡಲಿಗೆ ಬಿಗಿಯುವ ಲೋಹದ ತಗಡಿನ ಮೇಲೆ ಸಂಖ್ಯೆಯಿರುತ್ತಿತ್ತು. ಕೆಲಸಗಾರರು ಡಬ್ಬಿಯೊಳಗೆ ಕೈಗೆ ಸಿಕ್ಕ ತಗಡನ್ನೆತ್ತಿ ಜೋಡಿಸುತ್ತಿದ್ದುದರಿಂದ, ಸಂಖ್ಯೆ ಹಿರಿದಾದ ಮಾತ್ರಕ್ಕೆ ಗಿಟಾರು ಕಿರಿಯದೆನ್ನಲಾಗದು. ನಾಲ್ಕು ತಿರುಪುಗಳ ತಗಡನ್ನಂತೂ ಯಾರು ಬೇಕಾದರೂ ಬದಲಿಸಬಹುದು. ಆದುದರಿಂದ ಹಳೆಯ ಫೆಂಡರನ್ನು ಕೊಳ್ಳುವವರು, ಹಣವನ್ನೆಣಿಸುವ ಮುನ್ನ ಕುತ್ತಿಗೆಯನ್ನು ಬಿಚ್ಚಿಸಿ, ಅದರ ಬುಡದಲ್ಲಿ ಸೀಸದಕಡ್ಡಿಯಿಂದ ಬರೆದ ಅಥವಾ ಮುದ್ರೆಯೊತ್ತಿದ ತಾರೀಖಿದೆಯೇ ಎಂದು ನೋಡಿಕೊಳ್ಳತಕ್ಕದ್ದು.