ನೋಟಿನ ಮಳೆ, ಕೂಲಿಯ ಲೆಕ್ಕ

ಮುಂಬಯಿಯ ಬಾರ್ ಉದ್ಯಮದಲ್ಲಿ ನಮ್ಮ ಕರಾವಳಿಯವರ ಪಾಲು ದೊಡ್ಡದು. ಹಾಗಾಗಿ ಡ್ಯಾನ್ಸ್ ಬಾರ್‌ಗಳ ಕತೆ ನಮಗೆ ಹೊಸದಲ್ಲ. ಆದರೆ ನಾವು ಕೇಳಿದ್ದೆಲ್ಲ ಗಲ್ಲಾಪೆಟ್ಟಿಗೆಯ ಹಿಂದೆ ಕೂತವರ ಬಾಯಲ್ಲಿ. ಕುಣಿದವಳ ಲೆಕ್ಕ ಬೇರೆಯೇ ಇತ್ತು. ಬಹಳ ಕಡೆ ಅವಳಿಗೆ ತಿಂಗಳ ಸಂಬಳವೇ ಇರಲಿಲ್ಲ. ಗಿರಾಕಿ ತೂರಿದ ಹತ್ತರ ನೋಟುಗಳನ್ನು ನೆಲದಿಂದ ಬಾಚಿ, ಎಣಿಸಿ, ಮಾಲೀಕನ ಪಾಲು ಮುರಿದುಕೊಂಡ ಮೇಲೆ ಉಳಿದದ್ದೇ ಅವಳ ಕೂಲಿ. ರಜೆ, ಪಿ.ಎಫ್. ಮಾತು ದೂರ.

2005ರಲ್ಲಿ ಮಹಾರಾಷ್ಟ್ರ ಸರ್ಕಾರ ಪೊಲೀಸ್ ಕಾಯಿದೆಗೆ 33ಎ, 33ಬಿ ಕಲಮುಗಳನ್ನು ಸೇರಿಸಿ ಬಿಯರ್ ಬಾರ್‌ಗಳಲ್ಲಿ ಕುಣಿತ ನಿಲ್ಲಿಸಿತು. ತ್ರಿತಾರಾ ಮತ್ತು ಮೇಲಿನ ಹೋಟೆಲುಗಳಿಗೆ ವಿನಾಯಿತಿ! ಸುಮಾರು 75,000 ಹೆಂಗಸರ ಅನ್ನ ಹೋಯಿತೆಂದು ಅರ್ಜಿದಾರರು ವಾದಿಸಿದರು. ವರ್ಷಾ ಕಾಳೆ ಅವರ ಮುಂದಾಳ್ತನದ ಭಾರತೀಯ ಬಾರ್‌ಗರ್ಲ್ಸ್ ಯೂನಿಯನ್ ಬೀದಿಗಿಳಿದದ್ದು ಆಗಲೇ. 2006ರಲ್ಲಿ ಹೈಕೋರ್ಟ್ ನಿಷೇಧವನ್ನು ರದ್ದುಮಾಡಿತು, 2013ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನೇ ಎತ್ತಿಹಿಡಿಯಿತು. ಗೆದ್ದರೂ ಆ ಎಂಟು ವರ್ಷದ ಮನೆಬಾಡಿಗೆ ಕಟ್ಟಿಕೊಡುವವರು ಯಾರು?

ಸ್ಯಾನ್‌ಫ್ರಾನ್ಸಿಸ್ಕೋದ ಲಸ್ಟಿ ಲೇಡಿ ಎಂಬ ಪೀಪ್ ಶೋ ಅಂಗಡಿಯಲ್ಲೂ ನರ್ತಕಿಯರ ಹೋರಾಟ ನಡೆದಿತ್ತು. ಅಲ್ಲಿ ಜಗಳ ಶುರುವಾದದ್ದು ಒಂದು ಗಾಜಿನಿಂದ. ಗಿರಾಕಿಗೆ ನರ್ತಕಿ ಕಾಣುತ್ತಾಳೆ, ಅವಳಿಗೆ ಅವನು ಕಾಣುವುದಿಲ್ಲ. ಆ ಮರೆಯಲ್ಲಿ ಗಿರಾಕಿಗಳು ಕ್ಯಾಮೆರಾ ಇಟ್ಟು ಚಿತ್ರ ತೆಗೆಯುತ್ತಿದ್ದರು. ನರ್ತಕಿಯರು 1996ರಲ್ಲಿ ಸಂಘ ಕಟ್ಟಿ, ಮರುವರ್ಷ ಒಪ್ಪಂದ ಮಾಡಿಕೊಂಡರು. 2003ರಲ್ಲಿ ಅಂಗಡಿಯನ್ನೇ ಕೊಂಡು ಸಹಕಾರಿ ಮಾಡಿಕೊಂಡರು. ಅದು 2013ರಲ್ಲಿ ಮುಚ್ಚಿತು.

ಅಲ್ಲಿ ಕ್ಯಾಮೆರಾದ ವಿರುದ್ಧ ಹೋರಾಟ ನಡೆದರೆ, ಇಲ್ಲಿ 'ಮಹಿಳೆಯರ ಘನತೆ'ಯ ಹೆಸರಿನಲ್ಲಿ ಬಂದ 2016ರ ಕಾನೂನು ಬಾರಿನೊಳಗೆ ಸಿ.ಸಿ. ಕ್ಯಾಮೆರಾ ಕಡ್ಡಾಯ ಮಾಡಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ಕ್ಯಾಮೆರಾ ಷರತ್ತನ್ನು ಕಿತ್ತುಹಾಕಿತು. ನೋಟು ತೂರುವುದು ಬೇಡ, ಕೈಯಲ್ಲಿ ಟಿಪ್ಸ್ ಕೊಡಬಹುದು ಎಂದಿತು. ಲಿಖಿತ ಕರಾರು ಮಾಡಿ ದುಡ್ಡನ್ನು ಅವಳ ಬ್ಯಾಂಕ್ ಖಾತೆಗೇ ಹಾಕಬೇಕೆಂಬ ಷರತ್ತನ್ನು ಉಳಿಸಿತು. ತಿಂಗಳ ಸಂಬಳದ ಕಡ್ಡಾಯವನ್ನು ಮಾತ್ರ ತೆಗೆಯಿತು: ಅವಳು ಒಂದಕ್ಕಿಂತ ಹೆಚ್ಚು ಕಡೆ ಕುಣಿಯಬಹುದಲ್ಲ! ವಾದ ಸರಿಯೇ. ಆದರೆ ಕಾಯಿಲೆ ಬಿದ್ದ ತಿಂಗಳು ಅವಳ ಖಾತೆಗೆ ಏನೂ ಬೀಳುವುದಿಲ್ಲ.

ಬೆಂಗಳೂರಿನ ಲೈವ್ ಬ್ಯಾಂಡ್‌ಗಳ ಕತೆ ಚಿಕ್ಕದು. 2005ರ ಪರವಾನಗಿ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು. ದಾವೆ ಹೂಡಿದ್ದು ಮಾಲೀಕರ ಸಂಘ, ಚರ್ಚೆ ಲೈಸೆನ್ಸಿನದು. ಹಾಡುವವಳ, ಕುಣಿಯುವವಳ ಕೂಲಿ ಅಲ್ಲಿ ಪ್ರಶ್ನೆಯೇ ಆಗಲಿಲ್ಲ.

2022ರಲ್ಲಿ ಮುಂಬಯಿಯ ಆರ್ಕೆಸ್ಟ್ರಾ ಬಾರ್‌ಗಳ ಸರದಿ. ವೇದಿಕೆಯ ಮೇಲೆ ನಾಲ್ವರು ಗಂಡಸರು, ನಾಲ್ವರು ಹೆಂಗಸರು ಎಂಬ ನಿಯಮವನ್ನು ಸುಪ್ರೀಂ ಕೋರ್ಟ್ ರದ್ದುಮಾಡಿತು. ಒಟ್ಟು ಎಂಟು ಎಂಬ ಮಿತಿ ಉಳಿಯಿತು. ಆ ಎಂಟೂ ಈಗ ಹೆಂಗಸರೇ ಆಗಿರಬಹುದು.