ವರ್ಚುಯಲ್ ಯಂತ್ರಗಳಲ್ಲಿ ಸಂಗ್ರಹಣಾ ಡ್ರೈವರ್ ದೋಷಗಳು: ಪತ್ತೆ ಮತ್ತು ಪರಿಹಾರ

1. ಪೀಠಿಕೆ

ಹಳೆಯ ಸರ್ವರ್ ಗಣಕಯಂತ್ರಗಳಲ್ಲಿರುವ ತಂತ್ರಾಂಶ ಮತ್ತು ದಾಖಲೆಗಳನ್ನು ಯಥಾವತ್ತಾಗಿ ವರ್ಚುಯಲ್ ಯಂತ್ರಗಳಿಗೆ ವರ್ಗಾಯಿಸುವ ಪದ್ಧತಿಯು ಈಗ ಸಾಮಾನ್ಯವಾಗಿದೆ. ಹೀಗೆ ವರ್ಗಾಯಿಸಲಾದ ಯಂತ್ರವು ಮೊದಲ ಬಾರಿ ಚಾಲನೆಗೊಂಡಾಗ, ಡಿಸ್ಕ್ ದೊರೆಯುತ್ತಿಲ್ಲವೆಂಬ ಸಂದೇಶದೊಂದಿಗೆ ಸ್ಥಗಿತಗೊಳ್ಳುವುದುಂಟು. ಇಂತಹ ಸಂದರ್ಭದಲ್ಲಿ ದತ್ತಾಂಶ ಹಾಳಾಗಿದೆಯೆಂದು ಭಾವಿಸಿ ಡಿಸ್ಕನ್ನು ಫಾರ್ಮ್ಯಾಟ್ ಮಾಡಿದಲ್ಲಿ, ಅಲ್ಲಿಯವರೆಗೆ ಸುರಕ್ಷಿತವಾಗಿದ್ದ ದಾಖಲೆಗಳು ಆ ಕ್ರಮದಿಂದಲೇ ನಾಶವಾಗುತ್ತವೆ.

ಹೆಚ್ಚಿನ ಸಂದರ್ಭಗಳಲ್ಲಿ ಡಿಸ್ಕ್ ಸುಸ್ಥಿತಿಯಲ್ಲಿಯೇ ಇರುತ್ತದೆ; ಅದನ್ನು ಓದಬಲ್ಲ ಡ್ರೈವರ್ ಮಾತ್ರ ಲಭ್ಯವಿರುವುದಿಲ್ಲ. ಈ ದೋಷವನ್ನು ಗುರುತಿಸುವ ಮತ್ತು ದತ್ತಾಂಶಕ್ಕೆ ಧಕ್ಕೆಯಾಗದಂತೆ ಸರಿಪಡಿಸುವ ವಿಧಾನವನ್ನು ಇಲ್ಲಿ ವಿವರಿಸಲಾಗಿದೆ. ಲಿನಕ್ಸ್‌ನ ಕೆವಿಎಂ ವ್ಯವಸ್ಥೆಯ ಮೇಲೆ ನಡೆಯುವ ವಿಂಡೋಸ್ ಮತ್ತು ಲಿನಕ್ಸ್ ಯಂತ್ರಗಳಿಗೆ ಈ ಮಾಹಿತಿಯು ಅನ್ವಯಿಸುತ್ತದೆ.

2. ಪದಗಳ ವಿವರಣೆ

ಅ) ಆತಿಥೇಯ ಯಂತ್ರ: ವರ್ಚುಯಲ್ ಯಂತ್ರಗಳಿಗೆ ಆಶ್ರಯ ನೀಡುವ ನೈಜ ಗಣಕಯಂತ್ರ.

ಆ) ಅತಿಥಿ ಯಂತ್ರ: ಆತಿಥೇಯ ಯಂತ್ರದೊಳಗೆ ನಡೆಯುವ ವರ್ಚುಯಲ್ ಯಂತ್ರ.

ಇ) ಕಂಟ್ರೋಲರ್: ಡಿಸ್ಕನ್ನು ಯಂತ್ರಕ್ಕೆ ಜೋಡಿಸುವ ಸಾಧನ. ಅತಿಥಿ ಯಂತ್ರದಲ್ಲಿ ಇದನ್ನು ತಂತ್ರಾಂಶವೇ ರೂಪಿಸಿ ಒದಗಿಸುತ್ತದೆ. ಐಡಿಇ, ಸಾಟಾ, ವರ್ಟ್‌ಐಓ ಬ್ಲಾಕ್ ಮತ್ತು ವರ್ಟ್‌ಐಓ ಸ್ಕಸಿ ಇದರ ಮುಖ್ಯ ಬಗೆಗಳು.

ಈ) ವರ್ಟ್‌ಐಓ: ವರ್ಚುಯಲ್ ಯಂತ್ರಗಳಿಗೆಂದೇ ರೂಪಿಸಲಾದ ಸಾಧನಗಳ ಮಾದರಿ. ಐಡಿಇ ಅಥವಾ ಸಾಟಾ ಕಂಟ್ರೋಲರನ್ನು ಅನುಕರಿಸುವಾಗ ಆತಿಥೇಯ ಯಂತ್ರವು ಪದೇ ಪದೇ ಮಧ್ಯೆ ಪ್ರವೇಶಿಸಬೇಕಾಗುತ್ತದೆ. ವರ್ಟ್‌ಐಓದಲ್ಲಿ ಕೋರಿಕೆಗಳನ್ನು ಎರಡೂ ಕಡೆಯವರು ಹಂಚಿಕೊಂಡ ಸ್ಮೃತಿಯಲ್ಲಿ ಸಾಲಾಗಿ ಇರಿಸುವುದರಿಂದ ಕೆಲಸ ಶೀಘ್ರವಾಗಿ ನಡೆಯುತ್ತದೆ. ಇದು 2008ರಲ್ಲಿ ಲಿನಕ್ಸ್ ಕರ್ನಲ್‌ನ 2.6.24ನೇ ಆವೃತ್ತಿಯೊಡನೆ ಬಳಕೆಗೆ ಬಂದಿತು. ವರ್ಟ್‌ಐಓ ಸ್ಕಸಿ ಎಂಬ ಬಗೆಯು 2012ರಲ್ಲಿ 3.4ನೇ ಆವೃತ್ತಿಯಲ್ಲಿ ಸೇರ್ಪಡೆಯಾಯಿತು.

3. ದೋಷಕ್ಕೆ ಕಾರಣ

ಯಂತ್ರವು ಎರಡು ಹಂತಗಳಲ್ಲಿ ಚಾಲನೆಗೊಳ್ಳುತ್ತದೆ. ಮೊದಲನೆಯ ಹಂತದಲ್ಲಿ ಬಯೋಸ್ ಅಥವಾ ಯುಇಎಫ್‌ಐ ಫರ್ಮ್‌ವೇರ್ ತನ್ನದೇ ಸಾಮರ್ಥ್ಯದಿಂದ ಡಿಸ್ಕನ್ನು ಓದಿ, ಕರ್ನಲ್ ಮತ್ತು ಆರಂಭಕ್ಕೆ ಅಗತ್ಯವಾದ ಡ್ರೈವರ್‌ಗಳನ್ನು ಸ್ಮೃತಿಗೆ ತರಲು ನೆರವಾಗುತ್ತದೆ. ಎರಡನೆಯ ಹಂತದಲ್ಲಿ ಕರ್ನಲ್ ತನ್ನ ಸ್ವಂತ ಡ್ರೈವರ್ ಮೂಲಕ ಡಿಸ್ಕನ್ನು ಓದಬೇಕು. ಆರಂಭದ ಪಟ್ಟಿಯಲ್ಲಿ ಆ ಡ್ರೈವರ್ ಸೇರಿರದಿದ್ದರೆ ಕರ್ನಲ್‌ಗೆ ಡಿಸ್ಕ್ ಕಾಣುವುದಿಲ್ಲ.

ಡ್ರೈವರ್ ಇರುವುದು ಡಿಸ್ಕಿನೊಳಗೆ. ಡಿಸ್ಕನ್ನು ತೆರೆಯಲು ಬೇಕಾಗಿರುವುದು ಅದೇ ಡ್ರೈವರ್. ಬೀಗದ ಕೈಯನ್ನು ಬೀರುವಿನೊಳಗಿಟ್ಟು ಬಾಗಿಲು ಹಾಕಿದಂತಹ ಸ್ಥಿತಿಯಿದು. ವಿಂಡೋಸ್ ಲಾಂಛನ ತೆರೆಯ ಮೇಲೆ ಮೂಡಿದ ನಂತರವೇ ಯಂತ್ರವು ನಿಲ್ಲುವುದಕ್ಕೂ ಇದೇ ಕಾರಣ.

4. ಲಕ್ಷಣಗಳು

ಅ) ವಿಂಡೋಸ್ ಯಂತ್ರದಲ್ಲಿ ನೀಲಿ ತೆರೆ ಮೂಡಿ, "ಇನ್ಆಕ್ಸೆಸಿಬಲ್ ಬೂಟ್ ಡಿವೈಸ್" ಎಂಬ ಸಂದೇಶ ಅಥವಾ 7ಬಿ ಎಂದು ಕೊನೆಗೊಳ್ಳುವ ದೋಷಸಂಖ್ಯೆ ಕಂಡುಬರುವುದು.

ಆ) ವಿಂಡೋಸನ್ನು ಹೊಸದಾಗಿ ಸ್ಥಾಪಿಸುವಾಗ ಡಿಸ್ಕುಗಳ ಪಟ್ಟಿ ಖಾಲಿಯಾಗಿರುವುದು.

ಇ) ಲಿನಕ್ಸ್ ಯಂತ್ರದಲ್ಲಿ ಮೂಲ ಕಡತವ್ಯವಸ್ಥೆಯನ್ನು ಜೋಡಿಸಲಾಗಲಿಲ್ಲವೆಂಬ ಸಂದೇಶ ಬರುವುದು ಅಥವಾ ಬಹಳ ಹೊತ್ತು ಕಾದ ಬಳಿಕ ಡ್ರಾಕಟ್‌ನ ತುರ್ತು ಆದೇಶ ತೆರೆ ಕಾಣಿಸಿಕೊಳ್ಳುವುದು.

5. ಮೊದಲು ಕೈಗೊಳ್ಳಬೇಕಾದ ಕ್ರಮಗಳು

ಅ) ಅತಿಥಿ ಯಂತ್ರವನ್ನು ನಿಲ್ಲಿಸಿ, ಅದರ ಡಿಸ್ಕ್ ಕಡತದ ಪ್ರತಿಯೊಂದನ್ನು ಬೇರೆ ಸಂಗ್ರಹಣಾ ಸಾಧನದಲ್ಲಿ ಇರಿಸತಕ್ಕದ್ದು. ಸ್ನ್ಯಾಪ್‌ಶಾಟ್ ಮೂಲ ಡಿಸ್ಕನ್ನೇ ಅವಲಂಬಿಸಿರುವುದರಿಂದ ಅದನ್ನು ಪ್ರತಿಯೆಂದು ಪರಿಗಣಿಸಬಾರದು.

ಆ) ಹಳೆಯ ನೈಜ ಯಂತ್ರದ ಡಿಸ್ಕನ್ನು ಅಳಿಸಬಾರದು. ಹೊಸ ಯಂತ್ರದ ಕಾರ್ಯ ದೃಢಪಡುವವರೆಗೆ ಅದನ್ನು ಕಾಯ್ದಿರಿಸತಕ್ಕದ್ದು. ಒಂದೇ ಹೆಸರು ಮತ್ತು ವಿಳಾಸವಿರುವ ಎರಡೂ ಯಂತ್ರಗಳನ್ನು ಏಕಕಾಲಕ್ಕೆ ಜಾಲಕ್ಕೆ ಜೋಡಿಸಬಾರದು.

ಇ) ಬಿಟ್‌ಲಾಕರ್ ಗೂಢಲಿಪೀಕರಣ ಜಾರಿಯಲ್ಲಿದ್ದರೆ, ಮರುಪ್ರಾಪ್ತಿ ಕೀಲಿಯು ಕೈಯಲ್ಲಿದೆಯೆಂದು ಖಚಿತಪಡಿಸಿಕೊಳ್ಳತಕ್ಕದ್ದು. ವರ್ಗಾವಣೆಗೆ ಮುನ್ನವೇ ಅದನ್ನು ತಾತ್ಕಾಲಿಕವಾಗಿ ಅಮಾನತಿನಲ್ಲಿಡುವುದು ಉತ್ತಮ.

ಈ) ಬಳಿಕ ಡಿಸ್ಕಿನ ಕಂಟ್ರೋಲರನ್ನು ವರ್ಟ್‌ಐಓದಿಂದ ಸಾಟಾ ಅಥವಾ ಐಡಿಇಗೆ ಬದಲಾಯಿಸಿ ಯಂತ್ರವನ್ನು ಚಾಲನೆಗೊಳಿಸುವುದು. ಯಂತ್ರವು ಸರಿಯಾಗಿ ಆರಂಭವಾದಲ್ಲಿ ದತ್ತಾಂಶ ಸುರಕ್ಷಿತವಾಗಿದೆಯೆಂದೂ, ಕೊರತೆಯಿರುವುದು ಡ್ರೈವರ್‌ನಲ್ಲಿ ಮಾತ್ರವೆಂದೂ ತಿಳಿಯತಕ್ಕದ್ದು. ವಿಂಡೋಸ್ ಎಕ್ಸ್‌ಪಿಯಂತಹ ಹಳೆಯ ಆವೃತ್ತಿಗಳಿಗೆ ಐಡಿಇಯನ್ನೇ ಆರಿಸಬೇಕು. ಕೆವಿಎಂನ ಕ್ಯೂ35 ಯಂತ್ರಮಾದರಿಯಲ್ಲಿ ಐಡಿಇ ಸೌಲಭ್ಯವಿಲ್ಲದ ಕಾರಣ, ಅಂತಹ ಯಂತ್ರಗಳಿಗೆ ಐ440ಎಫ್‌ಎಕ್ಸ್ ಮಾದರಿ ಸೂಕ್ತ.

6. ವಿಂಡೋಸ್ ಯಂತ್ರಗಳಲ್ಲಿ ಪರಿಹಾರ

6.1 ಯಂತ್ರವು ಸಾಟಾ ಅಥವಾ ಐಡಿಇ ಮೂಲಕ ಆರಂಭವಾಗುವುದಾದರೆ

ಡ್ರೈವರ್ ಕಡತಗಳನ್ನು ಡಿಸ್ಕಿಗೆ ನಕಲು ಮಾಡಿದರೆ ಸಾಲದು. ವಿಂಡೋಸ್ ತಾನು ಆ ಸಾಧನವನ್ನು ಒಮ್ಮೆ ಕಂಡ ನಂತರವೇ ಅದರ ಡ್ರೈವರನ್ನು ಆರಂಭದ ಪಟ್ಟಿಗೆ ಸೇರಿಸಿಕೊಳ್ಳುತ್ತದೆ. ಆದುದರಿಂದ ಕೆಳಕಂಡ ಕ್ರಮವನ್ನು ಅನುಸರಿಸುವುದು:

ಅ) ಯಂತ್ರವನ್ನು ನಿಲ್ಲಿಸಿ, 1 ಗಿಗಾಬೈಟ್ ಗಾತ್ರದ ಖಾಲಿ ಡಿಸ್ಕೊಂದನ್ನು ವರ್ಟ್‌ಐಓ ಬಗೆಯಲ್ಲಿ ಹೆಚ್ಚುವರಿಯಾಗಿ ಜೋಡಿಸುವುದು. ಮೂಲ ಡಿಸ್ಕನ್ನು ಸಾಟಾ ಅಥವಾ ಐಡಿಇಯಲ್ಲಿಯೇ ಉಳಿಸುವುದು.

ಆ) ವರ್ಟ್‌ಐಓ-ವಿನ್ ಎಂಬ ಡ್ರೈವರ್ ಕಂತೆಯ ಐಎಸ್‌ಓ ಕಡತವನ್ನು ಸಿಡಿಯಾಗಿ ಜೋಡಿಸಿ, ಯಂತ್ರವನ್ನು ಆರಂಭಿಸಿ, ಡ್ರೈವರನ್ನು ಸ್ಥಾಪಿಸುವುದು. ವರ್ಟ್‌ಐಓ ಬ್ಲಾಕ್‌ಗೆ "ವಿಐಓಸ್ಟೋರ್" ಮತ್ತು ವರ್ಟ್‌ಐಓ ಸ್ಕಸಿಗೆ "ವಿಐಓಸ್ಕಸಿ" ಎಂಬ ಪ್ರತ್ಯೇಕ ಡ್ರೈವರ್‌ಗಳಿದ್ದು, ಒಂದರ ಬದಲಿಗೆ ಇನ್ನೊಂದು ಕೆಲಸ ಮಾಡುವುದಿಲ್ಲ.

ಇ) ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ 1 ಗಿಗಾಬೈಟ್ ಡಿಸ್ಕ್ ಕಂಡುಬಂದಿದೆಯೇ ಎಂದು ಪರಿಶೀಲಿಸಿ ಯಂತ್ರವನ್ನು ನಿಲ್ಲಿಸುವುದು.

ಈ) ಹೆಚ್ಚುವರಿ ಡಿಸ್ಕನ್ನು ತೆಗೆದು, ಮೂಲ ಡಿಸ್ಕಿನ ಕಂಟ್ರೋಲರನ್ನು ಅದೇ ಬಗೆಯ ವರ್ಟ್‌ಐಓಗೆ ಬದಲಾಯಿಸಿ, ಬೂಟ್ ಕ್ರಮದಲ್ಲಿ ಆ ಡಿಸ್ಕ್ ಮೊದಲಿದೆಯೆಂದು ಖಚಿತಪಡಿಸಿಕೊಂಡು ಯಂತ್ರವನ್ನು ಆರಂಭಿಸುವುದು.

6.2 ಯಂತ್ರವು ಯಾವ ಬಗೆಯಲ್ಲಿಯೂ ಆರಂಭವಾಗದಿದ್ದರೆ

ಮೂಲ ಡಿಸ್ಕನ್ನು ವರ್ಟ್‌ಐಓದಲ್ಲಿರಿಸಿ, ವಿಂಡೋಸ್ ಸ್ಥಾಪನಾ ಸಿಡಿಯಿಂದ ಯಂತ್ರವನ್ನು ಆರಂಭಿಸಿ, ದುರಸ್ತಿ ಆಯ್ಕೆಯ ಮೂಲಕ ಕಮಾಂಡ್ ಪ್ರಾಂಪ್ಟ್ ತೆರೆಯುವುದು. ಡಿಆರ್‌ವಿಲೋಡ್ ಆದೇಶದಿಂದ ಡ್ರೈವರ್‌ನ ಐಎನ್‌ಎಫ್ ಕಡತವನ್ನು ಲೋಡ್ ಮಾಡಿದಾಗ ಡಿಸ್ಕ್ ಕಾಣಿಸಿಕೊಳ್ಳುತ್ತದೆ. ಆದರೆ ಇದು ಆ ಹೊತ್ತಿನ ಬಳಕೆಗೆ ಮಾತ್ರ. ಶಾಶ್ವತವಾಗಿ ಸೇರಿಸಲು ಡಿಐಎಸ್‌ಎಂ ಆದೇಶದ ಇಮೇಜ್ ಮತ್ತು ಆ್ಯಡ್-ಡ್ರೈವರ್ ಆಯ್ಕೆಗಳನ್ನು ಬಳಸಬೇಕು. ದುರಸ್ತಿ ಪರಿಸರದಲ್ಲಿ ವಿಂಡೋಸ್ ಇರುವ ಭಾಗಕ್ಕೆ ಸಿ ಅಕ್ಷರವೇ ದೊರೆತಿರುತ್ತದೆಯೆಂದು ಹೇಳಲಾಗದು. ಆದೇಶ ನೀಡುವ ಮೊದಲು ತಾಳೆ ನೋಡುವುದು.

7. ಲಿನಕ್ಸ್ ಯಂತ್ರಗಳಲ್ಲಿ ಪರಿಹಾರ

ಲಿನಕ್ಸ್‌ನಲ್ಲಿ ವರ್ಟ್‌ಐಓ ಡ್ರೈವರ್‌ಗಳು ಕರ್ನಲ್‌ನೊಂದಿಗೇ ಬರುತ್ತವೆ. ಆದರೆ ಆರಂಭದಲ್ಲಿ ಬಳಕೆಯಾಗುವ ಇನಿಟ್‌ರಾಮ್‌ಎಫ್‌ಎಸ್ ಎಂಬ ಚಿಕ್ಕ ಕಂತೆಯಲ್ಲಿ ಅವು ಇಲ್ಲದಿರಬಹುದು. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 7 ಮತ್ತು ಅದರ ನಂತರದ ಆವೃತ್ತಿಗಳಲ್ಲಿ ಡ್ರಾಕಟ್ ಉಪಕರಣವು ಕಂತೆಯನ್ನು ತಯಾರಿಸಿದ ಯಂತ್ರಕ್ಕೆ ಬೇಕಾದ ಡ್ರೈವರ್‌ಗಳನ್ನಷ್ಟೇ ಅದರಲ್ಲಿ ಸೇರಿಸುವುದು ಇದಕ್ಕೆ ಕಾರಣ.

ಅ) ಗ್ರಬ್ ಪಟ್ಟಿಯಲ್ಲಿ "ರೆಸ್ಕ್ಯೂ" ಎಂಬ ನಮೂದಿದ್ದರೆ ಅದನ್ನು ಆರಿಸುವುದು. ಅದರ ಕಂತೆಯಲ್ಲಿ ಎಲ್ಲ ಬಗೆಯ ಯಂತ್ರಗಳ ಡ್ರೈವರ್‌ಗಳೂ ಇರುವುದರಿಂದ ಯಂತ್ರವು ಹೆಚ್ಚಾಗಿ ಆರಂಭವಾಗುತ್ತದೆ.

ಆ) ಯಂತ್ರವು ಆರಂಭವಾದ ನಂತರ, ನಿತ್ಯ ಬಳಕೆಯ ಕರ್ನಲ್‌ನ ಆವೃತ್ತಿಯನ್ನು ನಮೂದಿಸಿ, ವರ್ಟ್‌ಐಓ ಪಿಸಿಐ, ಬ್ಲಾಕ್ ಮತ್ತು ಸ್ಕಸಿ ಮಾಡ್ಯೂಲ್‌ಗಳನ್ನು ಸೇರಿಸುವಂತೆ ಡ್ರಾಕಟ್ ಆದೇಶದಿಂದ ಕಂತೆಯನ್ನು ಪುನಃ ತಯಾರಿಸುವುದು. ಡೆಬಿಯನ್ ಮತ್ತು ಉಬುಂಟುಗಳಲ್ಲಿ ಈ ಕಾರ್ಯಕ್ಕೆ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ ಆದೇಶವಿದೆ.

ಇ) ಎಲ್‌ಎಸ್‌ಇನಿಟ್‌ಆರ್‌ಡಿ ಆದೇಶದಿಂದ ಕಂತೆಯ ಒಳಪಟ್ಟಿಯನ್ನು ತೆರೆದು ಮಾಡ್ಯೂಲ್‌ಗಳು ಸೇರಿವೆಯೇ ಎಂದು ನೋಡುವುದು.

ಈ) ವರ್ಟ್‌ಐಓ ಬ್ಲಾಕ್‌ನಲ್ಲಿ ಡಿಸ್ಕಿನ ಹೆಸರು ಎಸ್‌ಡಿಎ ಬದಲಿಗೆ ವಿಡಿಎ ಎಂದಾಗುತ್ತದೆ. ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಹಳೆಯ ಹೆಸರಿದ್ದರೆ ಡ್ರೈವರ್ ಸರಿಯಿದ್ದರೂ ಯಂತ್ರವು ಆರಂಭದಲ್ಲಿ ನಿಲ್ಲಬಹುದು. ಹೆಸರಿನ ಬದಲು ಕಡತವ್ಯವಸ್ಥೆಯ ಯುಯುಐಡಿಯನ್ನು ನಮೂದಿಸುವುದು ಸೂಕ್ತ.

8. ಡ್ರೈವರ್ ದೋಷವೆಂದು ತಪ್ಪಾಗಿ ಭಾವಿಸಲಾಗುವ ಸಂದರ್ಭಗಳು

ಅ) ಫರ್ಮ್‌ವೇರ್ ವ್ಯತ್ಯಾಸ: ಬಯೋಸ್ ಪದ್ಧತಿಯಲ್ಲಿ ಸ್ಥಾಪಿಸಿದ ಡಿಸ್ಕನ್ನು ಯುಇಎಫ್‌ಐ ಯಂತ್ರಕ್ಕೆ ಜೋಡಿಸಿದರೆ ಆರಂಭಿಸಬಹುದಾದ ಸಾಧನವಿಲ್ಲವೆಂಬ ಸಂದೇಶ ಬರುತ್ತದೆ. ಇಲ್ಲಿ ವಿಂಡೋಸ್ ಲಾಂಛನವಾಗಲಿ ಲಿನಕ್ಸ್ ಕರ್ನಲ್‌ನ ಸಂದೇಶಗಳಾಗಲಿ ಮೂಡುವುದಿಲ್ಲ. ಅತಿಥಿ ಯಂತ್ರದ ಫರ್ಮ್‌ವೇರನ್ನು ಮೂಲ ಯಂತ್ರದಂತೆಯೇ ಬದಲಾಯಿಸಿದರೆ ಸಾಕು.

ಆ) ಆಫ್‌ಲೈನ್ ಡಿಸ್ಕ್: ವಿಂಡೋಸ್ ಸರ್ವರ್ ಆರಂಭವಾದರೂ ದತ್ತಾಂಶದ ಡಿಸ್ಕ್ ಕಾಣದಿದ್ದಲ್ಲಿ, ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಅದು "ಆಫ್‌ಲೈನ್" ಎಂದಿದೆಯೇ ನೋಡಿ "ಆನ್‌ಲೈನ್" ಮಾಡುವುದು. ದತ್ತಾಂಶವಿರುವ ಡಿಸ್ಕನ್ನು "ಇನಿಶಿಯಲೈಸ್" ಮಾಡುವಂತೆ ಸೂಚನೆ ಬಂದರೆ ಒಪ್ಪಬಾರದು.

9. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಯಂತ್ರದಲ್ಲಿರುವುದು ಇಂಟೆಲ್ ಸಂಸ್ಕಾರಕ. ಡ್ರೈವರ್ ಕಂತೆಯಲ್ಲಿ "ಎಎಂಡಿ64" ಎಂಬ ಕಡತಕೋಶ ಮಾತ್ರ ಹೊಂದುವಂತೆ ತೋರುತ್ತದೆ. ಬಳಸಬಹುದೇ?
ಉತ್ತರ: ಬಳಸಬಹುದು. ಅದು 64 ಬಿಟ್ ವಿನ್ಯಾಸದ ಹೆಸರು. ಇಂಟೆಲ್ ಮತ್ತು ಎಎಂಡಿ ಎರಡಕ್ಕೂ ಅನ್ವಯಿಸುತ್ತದೆ.

ಪ್ರಶ್ನೆ: ವಿಂಡೋಸ್ ಸರ್ವರ್ 2008 ಆರ್2 ಯಂತ್ರಕ್ಕೆ ಹೊಸ ಡ್ರೈವರ್ ಕಂತೆ ಹೊಂದುವುದೇ?
ಉತ್ತರ: ಇಲ್ಲ. ಆ ಆವೃತ್ತಿಯನ್ನು ಬೆಂಬಲಿಸುವ ಹಳೆಯ ಕಂತೆಯನ್ನು ಬಳಸಬೇಕು. ಈ ಆವೃತ್ತಿಯ ಸಾಮಾನ್ಯ ಸುರಕ್ಷಾ ಪರಿಷ್ಕರಣೆಗಳು 2020ರ ಜನವರಿ 14ರಂದು ಕೊನೆಗೊಂಡಿರುವುದರಿಂದ, ಅಂತಹ ಯಂತ್ರವನ್ನು ಅಂತರಜಾಲದಿಂದ ಪ್ರತ್ಯೇಕವಾಗಿರಿಸುವುದು ಲೇಸು.

ಪ್ರಶ್ನೆ: ಡಿಸ್ಕನ್ನು ಸಾಟಾದಲ್ಲಿಯೇ ಉಳಿಸಿದರೆ ತೊಂದರೆಯಿದೆಯೇ?
ಉತ್ತರ: ಇಲ್ಲ, ವೇಗ ಮಾತ್ರ ಕಡಿಮೆಯಾಗುತ್ತದೆ. ಹಳೆಯ ದಾಖಲೆಗಳನ್ನು ವಿರಳವಾಗಿ ತೆರೆದು ನೋಡಲಷ್ಟೇ ಬಳಸುವ ಯಂತ್ರಕ್ಕೆ ಸಾಟಾ ಸಾಕಾಗುತ್ತದೆ.

10. ಗಮನಿಸಿ

ಡಿಸ್ಕ್ ಕಾಣುತ್ತಿಲ್ಲವೆಂಬ ಸಂದೇಶವನ್ನು ಡಿಸ್ಕ್ ಹಾಳಾಗಿದೆಯೆಂಬುದಕ್ಕೆ ಆಧಾರವಾಗಿ ಸ್ವೀಕರಿಸಬಾರದು. ಪ್ರತಿ ತೆಗೆದಿರಿಸುವುದು, ಕಂಟ್ರೋಲರನ್ನು ಹಿಂದಿನ ಬಗೆಗೆ ಬದಲಾಯಿಸಿ ನೋಡುವುದು, ಡ್ರೈವರ್ ಸೇರಿಸುವುದು, ತದನಂತರ ವರ್ಟ್‌ಐಓಗೆ ಮರಳುವುದು: ಈ ಅನುಕ್ರಮವನ್ನು ಪಾಲಿಸತಕ್ಕದ್ದು. ಯಾವುದೇ ಹಂತದಲ್ಲಿ ಸಂದೇಹ ಉಂಟಾದಲ್ಲಿ ಯಂತ್ರವನ್ನು ನಿಲ್ಲಿಸಿ ತಜ್ಞರ ಸಲಹೆ ಪಡೆಯುವುದು. ನಿಂತ ಯಂತ್ರದಿಂದ ಕೆಲಸ ಒಂದೆರಡು ದಿನ ತಡವಾಗಬಹುದು. ಫಾರ್ಮ್ಯಾಟ್ ಮಾಡಿದ ಡಿಸ್ಕಿನ ದಾಖಲೆಗಳು ಮರಳಿ ದೊರೆಯುವ ಭರವಸೆಯಿಲ್ಲ.